ಎರಡು ಪುಟ್ಟ ವಿಮಾನ ನಿಲ್ದಾಣಗಳ ನಡುವೆ: ದೂರ ಎಷ್ಟು, ಹೊತ್ತು ಎಷ್ಟು?

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಎಂಬ ದ್ವೀಪಸಮೂಹವಿದೆ. ಅಲ್ಲಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳ ನಡುವೆ 1967ರಿಂದ ಲೋಗನೇರ್ ಕಂಪನಿಯ ಪುಟ್ಟ ವಿಮಾನವೊಂದು ಹಾರುತ್ತಿದೆ. ದೂರ 2.7 ಕಿ.ಮೀ. ವೇಳಾಪಟ್ಟಿಯಲ್ಲಿ ಬರೆದಿರುವ ಹೊತ್ತು ಎರಡು ನಿಮಿಷ. ಪೈಲಟ್ ಸ್ಟುವರ್ಟ್ ಲಿಂಕ್ಲೇಟರ್ ಒಮ್ಮೆ 53 ಸೆಕೆಂಡಿನಲ್ಲಿ ಈ ಹಾರಾಟ ಮುಗಿಸಿದ್ದು ದಾಖಲೆಯಾಗಿದೆ. ಈಗ ಇದೇ ಎರಡು ಹೆಸರುಗಳನ್ನು ಅಂತರ್ಜಾಲದ ಯಾವುದಾದರೂ ದೂರ ಲೆಕ್ಕ ಹಾಕುವ ತಾಣಕ್ಕೆ ಕೊಟ್ಟು ನೋಡಿ. ಅರ್ಧ ಗಂಟೆ ಎಂಬ ಉತ್ತರ ಬಂದರೆ ಅಚ್ಚರಿಪಡಬೇಡಿ.

ದೂರ ಹೇಳುವ ತಾಣಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಕಿಲೋಮೀಟರಿನ ಲೆಕ್ಕವನ್ನು ಅವು ಚೆನ್ನಾಗಿಯೇ ಮಾಡುತ್ತವೆ. ಎಡವುವುದು ಸಮಯದಲ್ಲಿ. ದೊಡ್ಡ ಜೆಟ್ ವಿಮಾನ ಗಂಟೆಗೆ ಸುಮಾರು 800 ಕಿ.ಮೀ. ಹಾರುತ್ತದೆ, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಬೇಕು ಎಂಬ ಒಂದೇ ಅಚ್ಚಿನಲ್ಲಿ ಲೋಕದ ಎಲ್ಲ ನಿಲ್ದಾಣಗಳನ್ನೂ ಹಾಕಿ ತೆಗೆಯುತ್ತವೆ. ಎರಡು ಮಹಾನಗರಗಳ ನಡುವೆ ಆ ಅಚ್ಚು ಸರಿಹೋಗುತ್ತದೆ. ಜೆಟ್ ಇಳಿಯಲಾರದ, ವಾರಕ್ಕೆ ಎರಡೇ ವಿಮಾನ ಬರುವ, ಮಂಜು ಕವಿದರೆ ಅದೂ ಬಾರದ ನಿಲ್ದಾಣಗಳಿಗೆ ಸರಿಹೋಗುವುದಿಲ್ಲ. ಅಂಥ ಕಡೆ ಹೋಗುವವರು ಕಾಗದ, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಇಟ್ಟುಕೊಂಡು ತಾವೇ ಲೆಕ್ಕ ಹಾಕುವುದು ಒಳ್ಳೆಯದು. ಕಷ್ಟದ ಕೆಲಸವೇನಲ್ಲ, ಒಮ್ಮೆ ಕೈ ಕುದುರಿದರೆ ಹತ್ತು ನಿಮಿಷದ್ದು.

ಮೊದಲ ಹೆಜ್ಜೆ: ಯಾವ ನಿಲ್ದಾಣ?

ಇದು ಹಾಸ್ಯಾಸ್ಪದವಾಗಿ ಕೇಳಿಸಬಹುದು, ಆದರೆ ತಪ್ಪುಗಳಲ್ಲಿ ಅರ್ಧದಷ್ಟು ಇಲ್ಲೇ ಹುಟ್ಟುತ್ತವೆ. ಕ್ರಿಸ್‌ಮಸ್ ದ್ವೀಪ ಎಂಬ ಹೆಸರಿನ ಜಾಗಗಳು ಎರಡಿವೆ. ಒಂದು ಹಿಂದೂ ಮಹಾಸಾಗರದಲ್ಲಿ, ಆಸ್ಟ್ರೇಲಿಯಾಕ್ಕೆ ಸೇರಿದ್ದು. ಅದರ ನಿಲ್ದಾಣದ ಸಂಕೇತ ಎಕ್ಸ್‌ಸಿಎಚ್. ಇನ್ನೊಂದು ಪೆಸಿಫಿಕ್ ಸಾಗರದ ನಡುವೆ, ಕಿರಿಬಾಟಿ ದೇಶದ್ದು. ಅಲ್ಲಿನವರು ಅದನ್ನು ಕಿರಿಟಿಮಾಟಿ ಎಂದು ಬರೆಯುತ್ತಾರೆ, ಸಂಕೇತ ಸಿಎಕ್ಸ್ಐ. ಎರಡರ ನಡುವೆ ಭೂಮಿಯ ಕಾಲುಭಾಗಕ್ಕೂ ಹೆಚ್ಚಿನ ಅಂತರವಿದೆ. ನಾರ್ವೆಯ ಉತ್ತರದ ತುದಿಯಲ್ಲಿ ವಾಡ್ಸೋ, ವಾರ್ಡೋ ಎಂಬ ಎರಡು ಪಟ್ಟಣಗಳು ನೆರೆಹೊರೆಯಲ್ಲೇ ಇವೆ. ಕಿವಿಗೆ ಬಿದ್ದಾಗಲೂ ಕನ್ನಡದಲ್ಲಿ ಬರೆದಾಗಲೂ ಒಂದು ಅರ್ಧಾಕ್ಷರದಷ್ಟೇ ವ್ಯತ್ಯಾಸ. ಎರಡಕ್ಕೂ ಬೇರೆ ಬೇರೆ ವಿಮಾನ ನಿಲ್ದಾಣಗಳಿವೆ.

ಆದ್ದರಿಂದ ಹೆಸರನ್ನು ಬಿಟ್ಟು ಸಂಕೇತವನ್ನು ಹಿಡಿಯಿರಿ. ಟಿಕೆಟಿನ ಮೇಲೆ ಕಾಣುವ ಮೂರಕ್ಷರದ್ದು ಐಎಟಿಎ ಸಂಕೇತ. ಪೈಲಟ್‌ಗಳೂ ವಾಯು ಸಂಚಾರ ನಿಯಂತ್ರಕರೂ ಬಳಸುವ ನಾಲ್ಕಕ್ಷರದ್ದು ಐಸಿಎಒ ಸಂಕೇತ. ಪುಟ್ಟ ನಿಲ್ದಾಣಗಳ ಮಟ್ಟಿಗೆ ನಾನು ಎರಡನೆಯದನ್ನೇ ಹೆಚ್ಚು ನಂಬುತ್ತೇನೆ. ಅದರ ಮೊದಲ ಒಂದೆರಡು ಅಕ್ಷರಗಳೇ ಊರು ಯಾವ ಸೀಮೆಯದು ಎಂದು ಹೇಳಿಬಿಡುತ್ತವೆ: ಇಎನ್ ಎಂದಿದ್ದರೆ ನಾರ್ವೆ, ಇಜಿ ಎಂದಿದ್ದರೆ ಬ್ರಿಟನ್. ತೀರಾ ಸಣ್ಣ ಏರ್‌ಸ್ಟ್ರಿಪ್‌ಗಳಿಗೆ ಎರಡೂ ಸಂಕೇತಗಳು ಇಲ್ಲದಿರಬಹುದು. ಆಗ ಆ ದೇಶದ ವಾಯುಯಾನ ಇಲಾಖೆ ಕೊಟ್ಟ ಸ್ಥಳೀಯ ಗುರುತನ್ನೇ ಹುಡುಕಬೇಕು.

ಇನ್ನೊಂದು ವಿಚಾರ. ನಿಮ್ಮ ನಿಲ್ದಾಣ ನಿಜಕ್ಕೂ ವಿಮಾನ ನಿಲ್ದಾಣವೇ, ಹೆಲಿಕಾಪ್ಟರ್ ತಾಣವೇ? ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯ ತಾಸಿಲಾಕ್ ಊರಿಗೆ ವಿಮಾನ ಇಳಿಯುವುದಿಲ್ಲ. ವಿಮಾನ ಕುಲುಸುಕ್‌ನಲ್ಲಿ ಇಳಿಯುತ್ತದೆ, ಅಲ್ಲಿಂದ ಹೆಲಿಕಾಪ್ಟರ್ ಹತ್ತಬೇಕು. ಇದು ಗೊತ್ತಿಲ್ಲದಿದ್ದರೆ ಮುಂದಿನ ಎಲ್ಲ ಲೆಕ್ಕವೂ ನೀರಿನಲ್ಲಿ ಹೋಮ ಮಾಡಿದಂತೆ.

ಎರಡನೆಯದು: ಅಕ್ಷಾಂಶ, ರೇಖಾಂಶ

ನಿಲ್ದಾಣದ ಅಕ್ಷಾಂಶ ಮತ್ತು ರೇಖಾಂಶ ಬೇಕು. ಪ್ರತಿ ದೇಶವೂ ಪ್ರಕಟಿಸುವ ಎಐಪಿ ಎಂಬ ಅಧಿಕೃತ ವಾಯುಯಾನ ಮಾಹಿತಿ ಕೈಪಿಡಿಯಲ್ಲಿ ಅವು ಸಿಗುತ್ತವೆ. ಅನೇಕ ದೇಶಗಳು ಅದನ್ನು ಉಚಿತವಾಗಿಯೇ ಅಂತರ್ಜಾಲದಲ್ಲಿಟ್ಟಿವೆ. ಊರಿನ ಅಕ್ಷಾಂಶವನ್ನು ತೆಗೆದುಕೊಳ್ಳಬೇಡಿ, ನಿಲ್ದಾಣದ್ದನ್ನೇ ತೆಗೆದುಕೊಳ್ಳಿ. ಸಾವಿರ ಕಿ.ಮೀ. ಹಾರಾಟದಲ್ಲಿ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಐವತ್ತು ಕಿ.ಮೀ. ಹಾರಾಟದಲ್ಲಿ ಇದೆ.

ಇಲ್ಲಿ ಎಲ್ಲರನ್ನೂ ಒಮ್ಮೆಯಾದರೂ ಬೀಳಿಸುವ ಗುಂಡಿಯೊಂದಿದೆ. ಕೆಲವು ಕಡೆ ಅಕ್ಷಾಂಶವನ್ನು ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಕೊಡುತ್ತಾರೆ. ಇನ್ನು ಕೆಲವು ಕಡೆ ದಶಮಾಂಶದಲ್ಲಿ. ಒಂದು ಡಿಗ್ರಿಗೆ 60 ನಿಮಿಷ. ಹಾಗಾಗಿ 16 ಡಿಗ್ರಿ 48 ನಿಮಿಷ ಎಂದರೆ 16.48 ಅಲ್ಲ, 48ನ್ನು 60ರಿಂದ ಭಾಗಿಸಬೇಕು, ಆಗ 16.80 ಬರುತ್ತದೆ. ತಪ್ಪಿನ ಬೆಲೆ 0.32 ಡಿಗ್ರಿ, ನೆಲದ ಮೇಲೆ ಸುಮಾರು 35 ಕಿ.ಮೀ. ದಕ್ಷಿಣ ಅಕ್ಷಾಂಶಕ್ಕೂ ಪಶ್ಚಿಮ ರೇಖಾಂಶಕ್ಕೂ ಋಣ ಚಿಹ್ನೆ ಹಾಕುವುದು ವಾಡಿಕೆ. ಕೆಲವು ನಕ್ಷೆ ತಂತ್ರಾಂಶಗಳು ರೇಖಾಂಶವನ್ನು ಮೊದಲು ಬರೆಯುತ್ತವೆ ಎಂಬುದೂ ನೆನಪಿರಲಿ. ಮೊದಲ ಅಂಕಿ 90ನ್ನು ಮೀರಿದ್ದರೆ ಅದು ಅಕ್ಷಾಂಶವಾಗಿರಲು ಸಾಧ್ಯವೇ ಇಲ್ಲ.

ಮೂರನೆಯದು: ದೂರದ ಲೆಕ್ಕ

ಉತ್ತರ–ದಕ್ಷಿಣವಾಗಿ ಒಂದು ಡಿಗ್ರಿ ಎಂದರೆ ಎಲ್ಲಿ ಹೋದರೂ ಹೆಚ್ಚುಕಡಿಮೆ 111 ಕಿ.ಮೀ. ಪೂರ್ವ–ಪಶ್ಚಿಮದ ಡಿಗ್ರಿ ಹಾಗಲ್ಲ. ರೇಖಾಂಶಗಳೆಲ್ಲ ಧ್ರುವಗಳಲ್ಲಿ ಹೋಗಿ ಒಂದಾಗುವುದರಿಂದ ಅವುಗಳ ನಡುವಿನ ಅಂತರ ಭೂಮಧ್ಯರೇಖೆಯಿಂದ ದೂರ ಸರಿದಂತೆ ಕಿರಿದಾಗುತ್ತದೆ. ಭೂಮಧ್ಯರೇಖೆಯಲ್ಲಿ 111 ಕಿ.ಮೀ. ಇದ್ದದ್ದು 45 ಡಿಗ್ರಿ ಅಕ್ಷಾಂಶದಲ್ಲಿ 79, 60ರಲ್ಲಿ 56, 70ರಲ್ಲಿ 38, ಸ್ವಾಲ್‌ಬಾರ್ಡ್‌ನ ಲಾಂಗ್‌ಇಯರ್‌ಬೀನ್ ಇರುವ 78ರಲ್ಲಿ ಬರೀ 23. ಅಕ್ಷಾಂಶದ ಕೊಸೈನ್‌ನಿಂದ 111.3ನ್ನು ಗುಣಿಸಿದರೆ ಈ ಸಂಖ್ಯೆ ಸಿಗುತ್ತದೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಬಿಡಿಸೋಣ. ಫಿಜಿ ದೇಶದ ಸಾವುಸಾವು ಮತ್ತು ತವೆಯುನಿ ದ್ವೀಪದ ಮಾತೇಯಿ, ಎರಡೂ ಪುಟ್ಟ ನಿಲ್ದಾಣಗಳೇ. ಸಾವುಸಾವು: ದಕ್ಷಿಣ 16.803, ಪೂರ್ವ 179.341. ಮಾತೇಯಿ: ದಕ್ಷಿಣ 16.691, ಪಶ್ಚಿಮ 179.877. ಈ ಲೆಕ್ಕವನ್ನು ಮೊದಲ ಬಾರಿ ಮಾಡಿದಾಗ ನಾನು ರೇಖಾಂಶಗಳನ್ನು ನೇರವಾಗಿ ಕಳೆದುಬಿಟ್ಟೆ. 359 ಡಿಗ್ರಿಯ ವ್ಯತ್ಯಾಸ ಬಂತು, ದೂರ 38,000 ಕಿ.ಮೀ. ದಾಟಿತು. ಪಕ್ಕದ ದ್ವೀಪಕ್ಕೆ ಹೋಗಲು ಭೂಮಿಗೆ ಒಂದು ಸುತ್ತು ಹಾಕಿಸಿದ್ದೆ! 180 ಡಿಗ್ರಿಯ ರೇಖೆ ಈ ಎರಡು ನಿಲ್ದಾಣಗಳ ನಡುವೆಯೇ ಹಾದುಹೋಗುತ್ತದೆ ಎಂಬುದು ತಲೆಗೆ ಹೊಳೆದಿರಲಿಲ್ಲ.

ಸರಿಯಾದ ದಾರಿ ಹೀಗೆ: ಸಾವುಸಾವುವಿನಿಂದ 180ಕ್ಕೆ 0.659 ಡಿಗ್ರಿ, ಅಲ್ಲಿಂದ ಮಾತೇಯಿಗೆ 0.123, ಒಟ್ಟು 0.782. ಈ ಅಕ್ಷಾಂಶದಲ್ಲಿ ಒಂದು ಡಿಗ್ರಿಗೆ 106.6 ಕಿ.ಮೀ., ಹಾಗಾಗಿ ಪೂರ್ವ–ಪಶ್ಚಿಮ ಅಂತರ 83.4 ಕಿ.ಮೀ. ಅಕ್ಷಾಂಶಗಳ ವ್ಯತ್ಯಾಸ 0.112 ಡಿಗ್ರಿ, ಅಂದರೆ 12.4 ಕಿ.ಮೀ. ಇವೆರಡೂ ಲಂಬಕೋನ ತ್ರಿಭುಜದ ಎರಡು ಬಾಹುಗಳು. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಇಷ್ಟು ವರ್ಷಗಳ ಮೇಲೆ ಕೆಲಸಕ್ಕೆ ಬಂತು: ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 84 ಕಿ.ಮೀ. ಪೈಲಟ್‌ಗಳ ಭಾಷೆಯಲ್ಲಿ ಬೇಕಿದ್ದರೆ 1.852ರಿಂದ ಭಾಗಿಸಿ, ಸುಮಾರು 45.5 ನಾಟಿಕಲ್ ಮೈಲಿ.

ಅದೇ ರೀತಿ ವಾಡ್ಸೋ–ವಾರ್ಡೋ ಲೆಕ್ಕ ಹಾಕಿದರೆ 56 ಕಿ.ಮೀ. ಬರುತ್ತದೆ. ಅಲ್ಲಿ ರೇಖಾಂಶದ ವ್ಯತ್ಯಾಸ 1.2 ಡಿಗ್ರಿ, ಫಿಜಿಯದಕ್ಕಿಂತ ಒಂದೂವರೆ ಪಟ್ಟು. ಆದರೂ ದೂರ ಕಡಿಮೆ. 70 ಡಿಗ್ರಿ ಅಕ್ಷಾಂಶದ ಮಹಿಮೆ.

ಈ ಸುಲಭೋಪಾಯ ನಾಲ್ಕೈದು ನೂರು ಕಿ.ಮೀ.ವರೆಗೆ ಚೆನ್ನಾಗಿ ನಡೆಯುತ್ತದೆ. ಅದಕ್ಕೂ ಮಿಗಿಲಾದರೆ, ಅದರಲ್ಲೂ ಧ್ರುವದ ಕಡೆಗೆ, ಭೂಮಿಯ ದುಂಡಗಿನ ಮೈ ಅಡ್ಡ ಬರುತ್ತದೆ. ಅಲಾಸ್ಕದ ಅಲ್ಯೂಷಿಯನ್ ದ್ವೀಪಗಳಲ್ಲಿರುವ ಏಡಕ್‌ನಿಂದ ನಾರ್ವೆಯ ವಾರ್ಡೋಗೆ ಮೇಲಿನ ಉಪಾಯದಿಂದ ಲೆಕ್ಕ ಹಾಕಿದರೆ 8,400 ಕಿ.ಮೀ. ಮೀರುತ್ತದೆ. ನಿಜವಾದ ಅಂತರ ಸುಮಾರು 6,240. ಗೋಡೆಯ ನಕ್ಷೆಯಲ್ಲಿ ಇವೆರಡೂ ಬಹು ದೂರದೂರ ಕಾಣುತ್ತವೆ. ದುಂಡನೆಯ ಗ್ಲೋಬ್ ತೆಗೆದುಕೊಂಡು ಎರಡರ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿ: ದಾರ ಆರ್ಕ್ಟಿಕ್ ಸಾಗರದ ನೆತ್ತಿಯ ಮೇಲಿಂದ, 83 ಡಿಗ್ರಿ ಅಕ್ಷಾಂಶವನ್ನೂ ದಾಟಿ, ಆಚೆ ಬದಿಗೆ ಇಳಿಯುತ್ತದೆ. ಆ ದಾರವೇ ಮಹಾವೃತ್ತದ ದಾರಿ, ಗೋಳದ ಮೇಲಿನ ಅತಿ ಹತ್ತಿರದ ದಾರಿ.

ಅದರ ಸೂತ್ರವನ್ನು ಮಾತಿನಲ್ಲಿ ಹೇಳುವುದಾದರೆ: ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಒಂದಕ್ಕೊಂದು ಗುಣಿಸಿ ಬದಿಗಿಡಿ. ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನು, ಜೊತೆಗೆ ರೇಖಾಂಶ ವ್ಯತ್ಯಾಸದ ಕೊಸೈನನ್ನು ಗುಣಿಸಿ ಅದಕ್ಕೆ ಕೂಡಿಸಿ. ಬಂದ ಸಂಖ್ಯೆ ಯಾವ ಕೋನದ ಕೊಸೈನ್ ಎಂದು ಕ್ಯಾಲ್ಕುಲೇಟರಿನಲ್ಲಿ ಹಿಂದಕ್ಕೆ ಕಂಡುಹಿಡಿಯಿರಿ. ಆ ಕೋನವನ್ನು 111.2ರಿಂದ ಗುಣಿಸಿದರೆ ಕಿಲೋಮೀಟರು. ಈ ಸೂತ್ರದಲ್ಲಿ 359 ಡಿಗ್ರಿಯ ಪೀಡೆಯೂ ಇಲ್ಲ, ಕೊಸೈನ್ ತಾನೇ ಅದನ್ನು ಸರಿಪಡಿಸಿಕೊಳ್ಳುತ್ತದೆ. ಆದರೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ ರೇಡಿಯನ್‌ನಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ: 30ರ ಸೈನ್ ಕೇಳಿ, 0.5 ಎಂದರೆ ಡಿಗ್ರಿ. ಬೇರೇನಾದರೂ ಹೇಳಿದರೆ ಮುಂದುವರಿಯಬೇಡಿ. ಕಂಪ್ಯೂಟರಿನ ಲೆಕ್ಕಪಟ್ಟಿಗಳಂತೂ ಹೇಳದೆ ಕೇಳದೆ ರೇಡಿಯನ್ ಎಂದೇ ಹಿಡಿಯುತ್ತವೆ. ಇನ್ನು ಭೂಮಿ ನಿಖರವಾದ ಗೋಳವಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ ಎಂದು ಚಿಂತೆ ಪಡುವವರಿಗೆ: ಅದರಿಂದಾಗುವ ವ್ಯತ್ಯಾಸ ಹೆಚ್ಚೆಂದರೆ ಶೇಕಡಾ 0.5ರ ಆಸುಪಾಸು. ಪ್ರಯಾಣಿಕರ ಲೆಕ್ಕಕ್ಕೆ ಅದು ಬೇಡ.

ನಾಲ್ಕನೆಯದು: ಹಾರುವುದು ಯಾವ ವಿಮಾನ?

ದೂರ ಕೈಗೆ ಸಿಕ್ಕಿತು. ಅದನ್ನು ಯಾವುದರಿಂದ ಭಾಗಿಸುವುದು? ರನ್‌ವೇ ಉದ್ದ ನೋಡಿದರೆ ಉತ್ತರ ತಾನಾಗಿ ಹೊಳೆಯುತ್ತದೆ. ನಾರ್ವೆಯ ಕರಾವಳಿಯ ಹಲವು ಪುಟ್ಟ ನಿಲ್ದಾಣಗಳ ರನ್‌ವೇ 800 ಮೀಟರಿನ ಆಸುಪಾಸು. ನೇಪಾಳದ ಲುಕ್ಲಾದ್ದು 527 ಮೀಟರು, ಅದೂ ಸಮತಟ್ಟಲ್ಲ, ಬೆಟ್ಟದ ಕಡೆಗೆ ಏರಿಕೊಂಡು ಹೋಗುತ್ತದೆ. ಇಂಥ ಕಡೆ ಜೆಟ್ ವಿಮಾನದ ಮಾತೇ ಇಲ್ಲ.

ಅಂದಾಜಿಗೆ ಈ ವೇಗಗಳನ್ನು ಇಟ್ಟುಕೊಳ್ಳಿ. ಬ್ರಿಟನ್–ನಾರ್ಮನ್ ಐಲ್ಯಾಂಡರ್ ಗಂಟೆಗೆ 250–260 ಕಿ.ಮೀ. ಟ್ವಿನ್ ಆಟರ್ 300ಕ್ಕೆ ಚೂರು ಮೇಲೆ, ಸೆಸ್ನಾ ಕ್ಯಾರವಾನ್ 340ರ ಒಳಗೆ. ಡಾರ್ನಿಯರ್ 228 ಸುಮಾರು 400. ಎಟಿಆರ್ 72 ಮತ್ತು ಹಳೆಯ ಚಿಕ್ಕ ಡ್ಯಾಶ್ 8 ಎರಡೂ 500ರ ಸುತ್ತ. ಡ್ಯಾಶ್ 8ರಲ್ಲೇ ಉದ್ದನೆಯ ಕ್ಯೂ400 ಮಾತ್ರ 650 ದಾಟುತ್ತದೆ. ಬೋಯಿಂಗ್ 737ರಂಥ ಜೆಟ್ಟುಗಳು 830ರ ಆಸುಪಾಸು. ಯಾವ ವಿಮಾನ ಎಂಬುದು ಟಿಕೆಟ್ ಕಾಯ್ದಿರಿಸುವ ಪುಟದಲ್ಲೇ ಸಣ್ಣಕ್ಷರದಲ್ಲಿ ಇರುತ್ತದೆ. ಇಲ್ಲದಿದ್ದರೆ ಕಂಪನಿಯ ಬಳಿ ಇರುವ ವಿಮಾನಗಳ ಪಟ್ಟಿ ನೋಡಿ; ಸಣ್ಣ ಕಂಪನಿಗಳಲ್ಲಿ ಒಂದೆರಡು ಬಗೆಗಿಂತ ಹೆಚ್ಚಿರುವುದಿಲ್ಲ.

ಭಾಗಿಸಿದ ಮೇಲೆ ಬರುವುದು ಆಕಾಶದಲ್ಲಿ ಪೂರ್ತಿ ವೇಗದಲ್ಲಿ ಹಾರಿದ ಹೊತ್ತು ಮಾತ್ರ. ವೇಳಾಪಟ್ಟಿಯಲ್ಲಿ ಕಾಣುವುದು ಬ್ಲಾಕ್ ಸಮಯ: ವಿಮಾನ ನಿಂತಲ್ಲಿಂದ ಕದಲಿದ ಗಳಿಗೆಯಿಂದ ಮತ್ತೆ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವವರೆಗೆ. ದೊಡ್ಡ ನಿಲ್ದಾಣದಲ್ಲಿ ರನ್‌ವೇವರೆಗೆ ಉರುಳುವುದಕ್ಕೇ ಕಾಲು ಗಂಟೆ ಹೋಗುತ್ತದೆ. ಪುಟ್ಟ ನಿಲ್ದಾಣದಲ್ಲಿ ಸರದಿಯೂ ಇಲ್ಲ, ಸುತ್ತೂ ಇಲ್ಲ. ಬಾಗಿಲು ಹಾಕಿದ ಎರಡು ಮೂರು ನಿಮಿಷಕ್ಕೆ ಚಕ್ರ ನೆಲ ಬಿಟ್ಟಿರುತ್ತದೆ. ಹಾಗಾಗಿ ಪ್ರೊಪೆಲ್ಲರ್ ವಿಮಾನ ಎರಡು ಪುಟ್ಟ ನಿಲ್ದಾಣಗಳ ನಡುವೆ ಹಾರುವುದಾದರೆ ನಾನು ಹತ್ತರಿಂದ ಹದಿನೈದು ನಿಮಿಷ ಸೇರಿಸುತ್ತೇನೆ, ಜೆಟ್ ಆದರೆ ಮೂವತ್ತು. ಸಾವುಸಾವು–ಮಾತೇಯಿ ನಡುವೆ ಟ್ವಿನ್ ಆಟರ್ ಎಂದುಕೊಂಡರೆ, 84 ಕಿ.ಮೀ.ಗೆ ಹದಿನೇಳು ನಿಮಿಷ, ಮೇಲೆ ಹತ್ತು: ಅರ್ಧ ಗಂಟೆಯೊಳಗೆ. ವಾಡ್ಸೋ–ವಾರ್ಡೋ ನಡುವೆ ಡ್ಯಾಶ್ 8ಕ್ಕೆ ಲೆಕ್ಕದಲ್ಲಿ ಏಳೇ ನಿಮಿಷ. ಆದರೆ ಅಷ್ಟು ಸಣ್ಣ ದೂರದಲ್ಲಿ ವಿಮಾನ ಪೂರ್ತಿ ವೇಗ ಮುಟ್ಟುವ ಮುನ್ನವೇ ಇಳಿಯತೊಡಗುತ್ತದೆ, ಕಾಲು ಗಂಟೆ ಎನ್ನುವುದೇ ಸರಿ. ವೆಸ್ಟ್ರೇಯ 2.7 ಕಿ.ಮೀ.ಗಂತೂ ಯಾವ ಸೂತ್ರವೂ ಬೇಡ, ವೇಳಾಪಟ್ಟಿಯನ್ನೇ ನಂಬಿ.

ನೇರ ರೇಖೆಯ ಮೇಲೆಯೇ ವಿಮಾನ ಹಾರುತ್ತದೆ ಎಂದೂ ಇಲ್ಲ. ನಿಗದಿತ ವಾಯುಮಾರ್ಗಗಳಿಗಾಗಿ, ಇಳಿಯುವ ದಿಕ್ಕಿಗಾಗಿ ಐದರಿಂದ ಹತ್ತು ಶೇಕಡಾ ಹೆಚ್ಚು ಇಟ್ಟುಕೊಳ್ಳುವುದು ವಾಸಿ. ಬೆಟ್ಟದ ನಾಡಿನಲ್ಲಿ ಇನ್ನೂ ಹೆಚ್ಚು, ಅಲ್ಲಿ ಸಣ್ಣ ವಿಮಾನಗಳು ಕಣಿವೆಯನ್ನು ಹಿಡಿದು ಹೋಗುತ್ತವೆ. ಸಾಗರದ ಮೇಲೆ ಮಾತ್ರ ದಾರ ಎಳೆದಷ್ಟು ನೇರ.

ಐದನೆಯದು: ಗಾಳಿಯ ಪಾಲು

ವಿಮಾನದ ವೇಗವೆಂದರೆ ಗಾಳಿಯ ಒಳಗಿನ ವೇಗ. ಗಾಳಿಯೇ ಚಲಿಸುತ್ತಿದ್ದರೆ ನೆಲದ ಮೇಲಿನ ವೇಗ ಬದಲಾಗುತ್ತದೆ. 600 ಕಿ.ಮೀ. ದಾರಿ, 300 ಕಿ.ಮೀ. ವೇಗದ ವಿಮಾನ, ಗಂಟೆಗೆ 60 ಕಿ.ಮೀ. ಗಾಳಿ ಎಂದುಕೊಳ್ಳಿ. ಗಾಳಿ ಬೆನ್ನಿಗಿದ್ದರೆ ಒಂದು ಗಂಟೆ ನಲವತ್ತು ನಿಮಿಷ. ಮರಳುವಾಗ ಅದೇ ಗಾಳಿ ಎದುರಿಗೆ, ಎರಡೂವರೆ ಗಂಟೆ. ಹೋಗುವಾಗ ಉಳಿಸಿದ್ದು ಇಪ್ಪತ್ತು ನಿಮಿಷ, ಬರುವಾಗ ಕಳೆದದ್ದು ಮೂವತ್ತು. ಹೋಗಿಬರುವ ಒಟ್ಟು ಲೆಕ್ಕದಲ್ಲಿ ಗಾಳಿ ಎಂದೂ ಲಾಭ ಮಾಡಿಕೊಡುವುದಿಲ್ಲ, ಏಕೆಂದರೆ ಎದುರುಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಕಳೆಯುತ್ತೇವೆ. ಇದೇ 60 ಕಿ.ಮೀ. ಗಾಳಿ ಜೆಟ್ಟಿಗೆ ನೂರಕ್ಕೆ ಏಳರಷ್ಟು, ಟ್ವಿನ್ ಆಟರಿಗೆ ಇಪ್ಪತ್ತರಷ್ಟು. ಪುಟ್ಟ ನಿಲ್ದಾಣಗಳ ವೇಳಾಪಟ್ಟಿಯಲ್ಲಿ ಹೋಗುವ ಹೊತ್ತು, ಬರುವ ಹೊತ್ತು ಬೇರೆ ಬೇರೆ ಇದ್ದರೆ ಅದು ಮುದ್ರಣದೋಷವಲ್ಲ.

ಗಾಳಿ ಹೊತ್ತನ್ನು ಹಿಗ್ಗಿಸುವುದಷ್ಟೇ ಅಲ್ಲ, ಹಾರಾಟದ ಗಳಿಗೆಯನ್ನೂ ನಿರ್ಧರಿಸುತ್ತದೆ. ನೇಪಾಳದ ಪೋಖರಾದಿಂದ ಜೋಮ್‌ಸೋಮ್‌ಗೆ ಹೋಗುವ ವಿಮಾನಗಳು ಧೌಲಾಗಿರಿ ಮತ್ತು ಅನ್ನಪೂರ್ಣ ಪರ್ವತಗಳ ನಡುವಿನ ಕಾಳಿ ಗಂಡಕಿ ಕಣಿವೆಯಲ್ಲಿ ಹಾರುತ್ತವೆ. ಹೊತ್ತು ಏರಿದಂತೆ ಕಣಿವೆಯ ಗಾಳಿ ಬಿರುಸಾಗುವುದರಿಂದ ಹಾರಾಟವೆಲ್ಲ ಬೆಳಿಗ್ಗೆಯೇ. ಇಪ್ಪತ್ತು ನಿಮಿಷದ ಪ್ರಯಾಣ ತಪ್ಪಿತೆಂದರೆ ಮತ್ತೆ ಇಪ್ಪತ್ತನಾಲ್ಕು ಗಂಟೆ ಕಾಯಬೇಕು.

ಆರನೆಯದು: ನೇರ ವಿಮಾನ ಇದೆಯೇ?

ಇಷ್ಟು ಲೆಕ್ಕ ಹಾಕಿದ ಮೇಲೆ ಕೇಳಬೇಕಾದ ಪ್ರಶ್ನೆ ಇದು. ನಿಜ ಹೇಳಬೇಕೆಂದರೆ ಮೊದಲೇ ಕೇಳಬೇಕಿತ್ತು, ಆದರೆ ನೇರ ಅಂತರ ಗೊತ್ತಿಲ್ಲದೆ ಸುತ್ತುದಾರಿ ಎಷ್ಟು ಸುತ್ತು ಎಂಬುದು ಗೊತ್ತಾಗುವುದಿಲ್ಲ.

ಬೇರಿಂಗ್ ಸಮುದ್ರದ ಸೇಂಟ್ ಪಾಲ್ ದ್ವೀಪ ಮತ್ತು ಮೇಲೆ ಹೇಳಿದ ಏಡಕ್, ಎರಡೂ ಅಲಾಸ್ಕದವೇ. ನೇರ ಅಂತರ 719 ಕಿ.ಮೀ. ಟ್ವಿನ್ ಆಟರ್ ಹಾರಿದರೂ ಎರಡೂವರೆ ಗಂಟೆಯ ಮಾತು. ಆದರೆ ಈ ಎರಡೂ ದ್ವೀಪಗಳು ಹೊರಜಗತ್ತಿನೊಂದಿಗೆ ಬೆಸೆದುಕೊಂಡಿರುವುದು ಆಂಕರೇಜ್ ನಗರದ ಮೂಲಕ. ಏಡಕ್‌ನಿಂದ ಆಂಕರೇಜ್‌ಗೆ 1,913 ಕಿ.ಮೀ., ಅಲ್ಲಿಂದ ಸೇಂಟ್ ಪಾಲ್‌ಗೆ 1,229. ಒಟ್ಟು 3,142, ನೇರ ಅಂತರದ ನಾಲ್ಕು ಪಟ್ಟಿಗೂ ಮೇಲೆ. ಹಾರುವ ಹೊತ್ತು ಐದಾರು ಗಂಟೆ ಎನ್ನಿ. ಎರಡು ದ್ವೀಪಗಳಿಗೂ ದಿನವೂ ವಿಮಾನವಿಲ್ಲದಿರುವುದರಿಂದ ಪ್ರಯಾಣ ಎರಡು ಮೂರು ದಿನಕ್ಕೆ ಹಿಗ್ಗುತ್ತದೆ. 719 ಎಂಬ ಸಂಖ್ಯೆ ಸತ್ಯ, ಆದರೆ ಪ್ರಯಾಣಿಕರಿಗೆ ಅದರಿಂದ ಕವಡೆ ಕಾಸಿನ ಪ್ರಯೋಜನವಿಲ್ಲ.

ಆದ್ದರಿಂದ ಹೀಗೆ ಮಾಡಿ. ಪ್ರತಿಯೊಂದು ನಿಲ್ದಾಣದಿಂದ ಯಾವ ಯಾವ ಊರಿಗೆ ವಿಮಾನವಿದೆ ಎಂದು ಎರಡು ಪಟ್ಟಿ ಮಾಡಿ. ಎರಡರಲ್ಲೂ ಇರುವ ಹೆಸರೇ ನಿಮ್ಮ ಬದಲಿ ನಿಲ್ದಾಣ. ಯಾವ ಹೆಸರೂ ಹೊಂದದಿದ್ದರೆ ಎರಡು ಬದಲಿಗಳು ಬೇಕು. ಪಟ್ಟಿಯಲ್ಲಿ ವಾರದ ಯಾವ ದಿನ ಎಂಬುದನ್ನೂ ಬರೆದುಕೊಳ್ಳಿ, ಅದೇ ಮುಖ್ಯ. ಮಂಗಳವಾರ ಹೊರಟವರಿಗೆ ಮುಂದಿನ ವಿಮಾನ ಶುಕ್ರವಾರವಿದ್ದರೆ ಗಂಟೆ ಲೆಕ್ಕ ಬದಿಗಿಟ್ಟು ವಸತಿ ಹುಡುಕಬೇಕಾಗುತ್ತದೆ.

ನಡುವೆ ಇಳಿದು ಏಳುವ ವಿಮಾನಗಳೂ ಉಂಟು. ನಾರ್ವೆಯ ಉತ್ತರ ಕರಾವಳಿಯಲ್ಲಿ, ಅಲಾಸ್ಕದಲ್ಲಿ ಒಂದೇ ವಿಮಾನ ಎರಡು ಮೂರು ಊರುಗಳಲ್ಲಿ ಜನರನ್ನು ಇಳಿಸಿ ಹತ್ತಿಸಿಕೊಂಡು ಸಾಗುವುದು ಸಾಮಾನ್ಯ. ಪ್ರತಿ ನಿಲುಗಡೆಗೆ ಇಳಿದು, ನಿಂತು, ಏರುವುದು ಸೇರಿ ಅರ್ಧ ಗಂಟೆ ಇಟ್ಟುಕೊಳ್ಳಿ. ಕೆಲವೊಮ್ಮೆ ಹೊರಡುವ ನಿಲ್ದಾಣವೇ ಬದಲಾಗುತ್ತದೆ. ಕಠ್ಮಂಡುವಿನಿಂದ ಲುಕ್ಲಾಗೆ 135 ಕಿ.ಮೀ., ಮೂವತ್ತು ಮೂವತ್ತೈದು ನಿಮಿಷ. ಆದರೆ ಚಾರಣಿಗರ ದಟ್ಟಣೆಯ ತಿಂಗಳುಗಳಲ್ಲಿ ಲುಕ್ಲಾದ ವಿಮಾನಗಳನ್ನು ರಾಮೆಛಾಪ್‌ಗೆ ವರ್ಗಾಯಿಸುವುದುಂಟು. ಅಲ್ಲಿಂದ ಹಾರಾಟ ಇನ್ನೂ ಚಿಕ್ಕದು, ಆದರೆ ಅಲ್ಲಿಗೆ ತಲುಪಲು ಕಠ್ಮಂಡುವಿನಿಂದ ನಾಲ್ಕೈದು ಗಂಟೆ ರಸ್ತೆ ಸವೆಸಬೇಕು, ಅದೂ ನಡುರಾತ್ರಿ ಎದ್ದು.

ಗಡಿಯಾರ ನೋಡುವ ಮುನ್ನ

ಟಿಕೆಟಿನ ಮೇಲಿನ ಎರಡೂ ಸಮಯಗಳು ಆಯಾ ಊರಿನವು. ಒಂದನ್ನು ಇನ್ನೊಂದರಿಂದ ಕಳೆದರೆ ಪ್ರಯಾಣದ ಹೊತ್ತು ಬರುವುದಿಲ್ಲ. ಎರಡನ್ನೂ ಯುಟಿಸಿ ಎಂಬ ಜಾಗತಿಕ ಸಮಯಕ್ಕೆ ತಂದು ಆಮೇಲೆ ಕಳೆಯಿರಿ. ಆಂಕರೇಜ್‌ಗಿಂತ ಏಡಕ್ ಒಂದು ಗಂಟೆ ಹಿಂದಿದೆ. ಮಧ್ಯಾಹ್ನ ಮೂರಕ್ಕೆ ಹೊರಟು ಮೂರು ಗಂಟೆ ಹಾರಿದರೆ ಏಡಕ್‌ನ ಗಡಿಯಾರದಲ್ಲಿ ಐದು ಗಂಟೆ.

ಕಿರಿಟಿಮಾಟಿಯದು ಇನ್ನೂ ಸ್ವಾರಸ್ಯಕರ. ಅದು ಹವಾಯಿಯ ಹೊನೊಲುಲುವಿನ ಹೆಚ್ಚುಕಡಿಮೆ ನೇರ ದಕ್ಷಿಣಕ್ಕಿದೆ, ದೂರ 2,150 ಕಿ.ಮೀ. ಕಿರಿಬಾಟಿ ದೇಶ 1995ರ ಆರಂಭದಲ್ಲಿ ತನ್ನ ಪೂರ್ವದ ದ್ವೀಪಗಳನ್ನೂ ದಿನಾಂಕ ರೇಖೆಯ ಒಂದೇ ಬದಿಗೆ ತಂದುಕೊಂಡಿತು. ಹಾಗಾಗಿ ಹೊನೊಲುಲು ಯುಟಿಸಿಗಿಂತ ಹತ್ತು ಗಂಟೆ ಹಿಂದೆ, ಕಿರಿಟಿಮಾಟಿ ಹದಿನಾಲ್ಕು ಗಂಟೆ ಮುಂದೆ. ಗೋಡೆ ಗಡಿಯಾರ ಎರಡೂ ಕಡೆ ಒಂದೇ ಹೊತ್ತನ್ನು ತೋರಿಸುತ್ತದೆ, ಕ್ಯಾಲೆಂಡರ್ ಮಾತ್ರ ಒಂದು ದಿನ ಬೇರೆ. ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಹೊನೊಲುಲು ಬಿಟ್ಟು ಮೂರು ಗಂಟೆ ಹಾರಿದವರು ಇಳಿಯುವುದು ಬುಧವಾರ ಮಧ್ಯಾಹ್ನ ಮೂರಕ್ಕೆ. ಮರಳುವಾಗ ಬುಧವಾರ ನಾಲ್ಕಕ್ಕೆ ಹೊರಟರೆ ಮಂಗಳವಾರ ರಾತ್ರಿ ಏಳಕ್ಕೆ ಬಂದಿರುತ್ತಾರೆ. ಹೋಟೆಲ್ ಕಾಯ್ದಿರಿಸುವಾಗ ಈ ಒಂದು ದಿನವನ್ನು ಮರೆತರೆ ಪಡಿಪಾಟಲು ತಪ್ಪಿದ್ದಲ್ಲ.

ಕಾಯುವ ಹೊತ್ತು

ಪುಟ್ಟ ನಿಲ್ದಾಣಗಳ ಪ್ರಯಾಣದಲ್ಲಿ ಹಾರುವ ಹೊತ್ತಿಗಿಂತ ಕಾಯುವ ಹೊತ್ತೇ ದೊಡ್ಡದು. ರನ್‌ವೇಗೆ ದೀಪಗಳಿಲ್ಲದ ಕಡೆ ಹಗಲಿನಲ್ಲಷ್ಟೇ ಇಳಿಯಲು ಸಾಧ್ಯ. ಕೆಳಗೆ ಮಂಜು ಕವಿದಿದ್ದರೆ, ಹತ್ತಿರದಲ್ಲಿ ಬೇರೆ ನಿಲ್ದಾಣವೂ ಇಲ್ಲದಿದ್ದರೆ, ವಿಮಾನ ಹೊರಡುವುದೇ ಇಲ್ಲ. ಹೊರಟು ಅರ್ಧದಾರಿಯಿಂದ ಮರಳುವುದೂ ಉಂಟು. ಅದಕ್ಕೆ ಪೈಲಟ್‌ನನ್ನು ಬೈಯುವವರನ್ನು ಕಂಡಿದ್ದೇನೆ. ಸಾಗರದ ನಡುವೆ ಇಳಿಯಲು ಇನ್ನೊಂದು ಜಾಗವಿಲ್ಲದಾಗ ಯಾವ ಬಿಂದುವಿನವರೆಗೆ ಹಿಂದಿರುಗಬಹುದು ಎಂಬುದನ್ನು ಇಂಧನ ನೋಡಿಕೊಂಡು ಮೊದಲೇ ಗುರುತು ಹಾಕಿರುತ್ತಾರೆ, ಅಲ್ಲಿಗೆ ತಲುಪುವಾಗ ಇಳಿಯುವ ಊರಿನ ಹವಾಮಾನ ಸರಿಯಿಲ್ಲವೆಂದು ತಿಳಿದರೆ ತಿರುಗಿಸುವುದೇ ಜಾಣತನ.

ಇದಕ್ಕೆ ನನ್ನದೊಂದು ಕಟ್ಟುನಿಟ್ಟಿನ ನಿಯಮವಿದೆ: ಪುಟ್ಟ ನಿಲ್ದಾಣದಿಂದ ಬಂದು ದೂರದೇಶದ ದೊಡ್ಡ ವಿಮಾನ ಹತ್ತಬೇಕಿದ್ದರೆ ನಡುವೆ ಒಂದು ಪೂರ್ತಿ ದಿನ ಖಾಲಿ ಬಿಡುವುದು. ಎರಡೂ ಒಂದೇ ಟಿಕೆಟಿನಲ್ಲಿದ್ದರೆ ಅರ್ಧ ದಿನಕ್ಕೆ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಆಗ ತಪ್ಪಿದ ವಿಮಾನದ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಆದರೆ ಹೊಣೆ ಪೂರ್ತಿ ನಮ್ಮದೇ. ಸಣ್ಣ ವಿಮಾನಗಳಲ್ಲಿ ಸಾಮಾನಿನ ತೂಕದ ಮಿತಿ ಕಡಿಮೆ, ಪ್ರಯಾಣಿಕರನ್ನೇ ತಕ್ಕಡಿಯ ಮೇಲೆ ನಿಲ್ಲಿಸುವುದೂ ಇದೆ. ಹೆಚ್ಚಾದ ಚೀಲ ಮುಂದಿನ ವಿಮಾನಕ್ಕೆ ಉಳಿದರೆ, ಆ ಮುಂದಿನ ವಿಮಾನ ಯಾವ ದಿನ ಎಂಬುದು ನಿಮ್ಮ ಪಟ್ಟಿಯಲ್ಲೇ ಇದೆ.

ವಿಮಾನವನ್ನೇ ಬಾಡಿಗೆಗೆ ಪಡೆಯುವವರು ಬೇರೆ ನಾಲ್ಕು ಪ್ರಶ್ನೆ ಕೇಳಬೇಕು: ಎರಡೂ ಕಡೆ ಆ ವಿಮಾನಕ್ಕೆ ಸಾಲುವಷ್ಟು ರನ್‌ವೇ ಇದೆಯೇ, ಅದಕ್ಕೆ ಬೇಕಾದ ಬಗೆಯ ಇಂಧನ ಸಿಗುತ್ತದೆಯೇ, ನಿಲ್ದಾಣ ತೆರೆದಿರುವ ವೇಳೆ ಯಾವುದು, ಇಳಿಯಲು ಮುಂಗಡ ಅನುಮತಿ ಬೇಕೇ. ಅಲ್ಲಿ ಇಂಧನವಿಲ್ಲದಿದ್ದರೆ ಮರಳುವಷ್ಟನ್ನೂ ಹೊತ್ತುಕೊಂಡೇ ಹೋಗಬೇಕು, ಆಗ ಆಸನಗಳು ಖಾಲಿ ಉಳಿಯುತ್ತವೆ.

ಇವೆಲ್ಲಕ್ಕೂ ಹೊರತಾದ ಒಂದು ನಿಲ್ದಾಣವಿದೆ. ಸ್ಕಾಟ್ಲೆಂಡಿನ ಬಾರಾ ದ್ವೀಪದಲ್ಲಿ ರನ್‌ವೇ ಎಂದರೆ ಕಡಲತೀರದ ಮರಳು. ಉಬ್ಬರ ಬಂದಾಗ ಅದು ನೀರಿನಡಿ ಮುಳುಗುತ್ತದೆ, ಇಳಿತದಲ್ಲಿ ಮೇಲೆ ಬರುತ್ತದೆ, ಆಗ ಟ್ವಿನ್ ಆಟರ್ ಬಂದು ಇಳಿಯುತ್ತದೆ. ಅಲ್ಲಿಗೆ ಹೋಗುವವರು ವಿಮಾನದ ವೇಳಾಪಟ್ಟಿಯ ಪಕ್ಕದಲ್ಲಿ ಉಬ್ಬರವಿಳಿತದ ಪಟ್ಟಿಯನ್ನೂ ತೆರೆದಿಟ್ಟುಕೊಂಡರೆ, ಅದೇ ವಿಮಾನ ಒಂದು ದಿನ ಹೊರಡುವ ಹೊತ್ತಿಗೆ ಇನ್ನೊಂದು ದಿನ ಏಕೆ ಹೊರಡುವುದಿಲ್ಲ ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.